ಸುಳ್ಳು ಫ್ಯಾಕ್ಟರಿಯ ಮೇಡಂ

ಮೇಡಂ ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಎರಡು ದಿನ ಮೊದಲೇ ಲೆಕ್ಕ ಹಾಕಿ ಫ್ಯಾಕ್ಟರಿ ಬಸ್ಸಿನ ಡ್ರೈವರಿಗೆ ತಿಳಿಸಿಬಿಟ್ಟಿದ್ದರು: ಐದು ಗಂಟೆ ಹತ್ತು ನಿಮಿಷ. ಮಾತನಾಡುವವರು ಒಂಬತ್ತು ಜನ, ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ಫೋಟೋಗೆ ನಿಲ್ಲುವವರು ನಲವತ್ತು ಮಂದಿ, ಮೈಕು ಒಂದೇ. ಎರಡೇ ಮಾತು ಎಂದು ಶುರುಮಾಡಿ ಹನ್ನೆರಡು ನಿಮಿಷ ಎಳೆಯುವವರು ಯಾರು ಯಾರು ಎಂಬುದಕ್ಕೆ ಅವರ ಬಳಿ ಸೇವೆಯ ಅಷ್ಟೂ ವರ್ಷದ ದಾಖಲೆ ಇತ್ತು. ಸಮಾರಂಭ ಮುಗಿದದ್ದು ಐದು ಗಂಟೆ ಹನ್ನೆರಡು ನಿಮಿಷಕ್ಕೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಡಂ ಮಾತ್ರ ಕೊರಳಲ್ಲಿ ಹಾರ ಇಟ್ಟುಕೊಂಡೇ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರು. ನಡುವೆ ಮೈಕು ಎರಡು ನಿಮಿಷ ಕೈಕೊಟ್ಟಿತ್ತು. ಮೈಕೂ ಕೆಡಬಹುದು ಎಂದು ತಮಗೆ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಅವರಿಗೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, ಇದನ್ನು ಓದಲು ಎಷ್ಟು ನಿಮಿಷ ಬೇಕು, ಯಾವ ಪ್ಯಾರಾದಲ್ಲಿ ಓದುಗರು ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ವಿವರಿಸುತ್ತಾರೆ. ಅಲ್ಲದೆ ಫ್ಯಾಕ್ಟರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಬೇರೆ ಹೆಂಗಸರು ದೊಡ್ಡ ಹುದ್ದೆಗೆ ಬಂದಾಗ ಅವರ ಹೆಸರಿನ ಮುಂದೆ ಮೇಡಂ ಸೇರಿಸುತ್ತಿದ್ದೆವು. ಬರೀ ಮೇಡಂ ಎಂದರೆ ಇವರೊಬ್ಬರೇ.

ನಮ್ಮದು ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಫ್ಯಾಕ್ಟರಿ. ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಸಣ್ಣ ಪಂಪು ಮಾಡುತ್ತೇವೆ. ತಾಮ್ರದ ತಂತಿ ಸುತ್ತಿ ಮೋಟರಿನ ಕಬ್ಬಿಣದ ಚಿಪ್ಪಿನೊಳಗೆ ಕೂರಿಸುವುದು, ಅದನ್ನು ವಾರ್ನಿಶ್‌ನಲ್ಲಿ ಅದ್ದಿ ದೊಡ್ಡ ಓವನ್‌ನಲ್ಲಿ ಬೇಯಿಸುವುದು, ಆಮೇಲೆ ಪಂಪು ಜೋಡಿಸಿ, ನೀರಿನಲ್ಲಿ ಓಡಿಸಿ ನೋಡಿ, ಬಣ್ಣ ಬಳಿದು ಲಾರಿಗೆ ಹತ್ತಿಸುವುದು. ಇಷ್ಟೇ ಕೆಲಸ. ಇಷ್ಟರಲ್ಲಿ ಎಲ್ಲಿ ಯಾವುದು ಸುಮ್ಮನೆ ಕಾಯುತ್ತಿದೆ, ಯಾಕೆ ಕಾಯುತ್ತಿದೆ ಎಂದು ಕಂಡುಹಿಡಿಯುವುದು ಮೇಡಂ ಕೆಲಸ. ಅದಕ್ಕಾಗಿ ಅವರು ಕಂಪ್ಯೂಟರಿನೊಳಗೆ ನಮ್ಮ ಫ್ಯಾಕ್ಟರಿಯಂಥದೇ ಇನ್ನೊಂದನ್ನು ಕಟ್ಟಿದ್ದರು. ಪುಸ್ತಕದಲ್ಲಿ ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಮೇಡಂ ಸುಳ್ಳು ಫ್ಯಾಕ್ಟರಿ ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಪಾಠ ಆಯಿತು. "ನಿಜದ್ ಫ್ಯಾಕ್ಟರಿಲಿ ಏನೋ ಬದಲಾಯಿಸಿ, ಅದು ಕೆಟ್ರೆ, ಜನರ ಹೊಟ್ಟೆ ಮೇಲೆ ಹೊಡೆದಂಗೆ. ಸುಳ್ಳು ಫ್ಯಾಕ್ಟರಿಲಿ ಎಷ್ಟು ಬೇಕಾದ್ರೂ ಕೆಡಿಸು. ಅಲ್ಲಿರೋರಿಗೆ ಹೊಟ್ಟೆ ಇಲ್ಲ."

ಸುಳ್ಳು ಫ್ಯಾಕ್ಟರಿಯ ಗಡಿಯಾರ ನಮ್ಮ ಗಡಿಯಾರದ ಹಾಗೆ ನಡೆಯುವುದಿಲ್ಲ. ಒಂದು ಮೋಟರು ಬಂತು, ಒಂದು ಕೆಲಸ ಶುರುವಾಯಿತು, ಇನ್ನೊಂದು ಮುಗಿಯಿತು, ಹೀಗೆ ಏನಾದರೂ ನಡೆದ ಗಳಿಗೆಯಿಂದ ಮುಂದೆ ಏನಾದರೂ ನಡೆಯುವ ಗಳಿಗೆಗೆ ಹಾರುತ್ತದೆ. ನಡುವಿನ ಖಾಲಿ ಹೊತ್ತು ಅದಕ್ಕೆ ಬೇಡ. ಆದ್ದರಿಂದ ನಮ್ಮ ಒಂದು ತಿಂಗಳು ಅಲ್ಲಿ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಒಮ್ಮೆ ಹೆಬ್ಬಾಳದ ಫ್ಲೈಓವರ್ ಮೇಲೆ ನಾವಿಬ್ಬರೂ ಮುಕ್ಕಾಲು ಗಂಟೆ ಸಿಕ್ಕಿಕೊಂಡಾಗ ಮೇಡಂ, ಎಂಥ ಒಳ್ಳೆಯ ಗಡಿಯಾರ ಅದು, ಭಗವಂತನಿಗೆ ಹೊಳೆಯಲಿಲ್ಲ ನೋಡು ಎಂದು ನಿಟ್ಟುಸಿರು ಬಿಟ್ಟಿದ್ದರು.

ಅವರು ಸಿಂಗಾಪುರದವರು. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ. ತಾತನ ಕಾಲದಿಂದ ಅಲ್ಲೇ ಇದ್ದ ಮನೆತನ. ಅವರ ಮನೆಗೆ ದಾರಿ ಕೇಳಿದರೆ ಮ್ಯಾಪ್ ಕಳಿಸುತ್ತಿರಲಿಲ್ಲ. ನಮ್ಮ ಕಣ ಇದ್ದ ಜಾಗದಲ್ಲಿ ಮೆಡಿಕಲ್ ಸ್ಟೋರ್ ಇದೆ, ಅಲ್ಲಿ ಬಲಕ್ಕೆ ತಿರುಗು, ನಮ್ಮಪ್ಪನಿಗೆ ಹಾವು ಕಂಡ ಕಡೆ ಬ್ಯೂಟಿ ಪಾರ್ಲರ್ ಇದೆ, ಅದರ ಎದುರಿನ ಗೇಟು ಎನ್ನುತ್ತಿದ್ದರು. ಹತ್ತಿ ಸೀರೆ, ಕಾಲಿಗೆ ದಪ್ಪ ಸೇಫ್ಟಿ ಶೂ, ಹೆಲ್ಮೆಟ್ಟಿನೊಳಗೆ ನಲುಗಿದ ಮಲ್ಲಿಗೆ. ಕೈಚೀಲದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಅಂಕಿ ಏರುವ ಪುಟ್ಟ ಯಂತ್ರ ಸದಾ ಇರುತ್ತಿತ್ತು. ಮೀಟಿಂಗುಗಳಲ್ಲಿ ಅವರ ಇಂಗ್ಲಿಷು ಇಸ್ತ್ರಿ ಹಾಕಿದಂತಿರುತ್ತಿತ್ತು. ಕನ್ನಡವೂ ಸಾಧಾರಣವಾಗಿ ನಮ್ಮೆಲ್ಲರ ಬೆಂಗಳೂರು ಕನ್ನಡವೇ. ಸಿಟ್ಟು ಬಂದಾಗ ಮಾತ್ರ ಹಕಾರ ಎದ್ದು ಹೋಗುತ್ತಿತ್ತು. ಹಂಗೆ ಎನ್ನುತ್ತಿದ್ದವರು ಅಂಗೆ ಎಂದರೆ, ಎದುರಿಗಿದ್ದವರು ನೆನಪಾದ ಕೆಲಸಗಳನ್ನೆಲ್ಲ ಹೇಳಿಕೊಂಡು ಜಾಗ ಖಾಲಿ ಮಾಡುತ್ತಿದ್ದರು.

ಅವರ ಜೊತೆ ತಿಂಡಿಗೆ ಹೋಗುವುದೂ ಒಂದು ಶಿಕ್ಷೆಯೇ. ಯಶವಂತಪುರದ ಒಂದು ದರ್ಶಿನಿಯಲ್ಲಿ ಬೆಳಿಗ್ಗೆ ಜನ ಫುಟ್‌ಪಾತಿನವರೆಗೂ ನಿಲ್ಲುತ್ತಿದ್ದರು. ಇಡ್ಲಿ ಸಾಲುತ್ತಿಲ್ಲ ಎಂದು ಮಾಲೀಕ ಇನ್ನೊಂದು ಸ್ಟೀಮರ್ ತರಿಸುವ ಯೋಚನೆಯಲ್ಲಿದ್ದ. ಮೇಡಂ ಒಂದು ಕಾಫಿ ಹಿಡಿದುಕೊಂಡು ಇಪ್ಪತ್ತು ನಿಮಿಷ ಮೂಲೆಯಲ್ಲಿ ನಿಂತು ಯಂತ್ರ ಒತ್ತಿದರು. ಆಮೇಲೆ ಹೋಗಿ ಅವನಿಗೆ ಹೇಳಿದರು: ನಿಮ್ಮ ಇಡ್ಲಿ ಬೇಕಾದಷ್ಟಿದೆ, ಚಟ್ನಿ ಬಕೆಟ್ಟಿಗೆ ಸೌಟು ಒಂದೇ ಇದೆ, ಎಲ್ಲರೂ ಆ ಸೌಟಿಗೆ ಕಾಯುತ್ತಿದ್ದಾರೆ. ಅವನು ನಗುತ್ತಲೇ ಇನ್ನೊಂದು ಬಕೆಟ್ಟು, ಇನ್ನೊಂದು ಸೌಟು ಇಟ್ಟ. ಸಾಲು ಕರಗಿತು. ಮಾರನೇ ವಾರ ಹೋದಾಗ ಮೇಡಂಗೆ ಪುಕ್ಕಟೆ ಕೇಸರಿಬಾತು ಸಿಕ್ಕಿತು. ಆದರೆ ಈಗ ಕೈ ತೊಳೆಯುವ ನಲ್ಲಿಯ ಮುಂದೆ ಸಾಲು. ಮೇಡಂಗೆ ಆಶ್ಚರ್ಯವೇನೂ ಆಗಲಿಲ್ಲ. ಎಲ್ಲ ಕಡೆಯೂ ಒಂದು ಗಂಟಲು ಇದ್ದೇ ಇರುತ್ತದೆ, ಅದನ್ನು ಅಗಲ ಮಾಡಿದರೆ ಬೇರೆ ಕಡೆ ಗಂಟಲು ಹುಟ್ಟುತ್ತದೆ, ನಮ್ಮ ಸಂಬಳ ನಡೆಯುವುದೇ ಅದರಿಂದ ಎಂದು ಕೇಸರಿಬಾತು ತಿಂದರು.

ಅವರೂ ಒಮ್ಮೆ ಮುಗ್ಗರಿಸಿದ್ದುಂಟು, ಅದೂ ಸ್ವಂತ ಮಗಳ ಮದುವೆಯಲ್ಲಿ. ಯಲಹಂಕದ ಕಲ್ಯಾಣ ಮಂಟಪ. ಊಟದ ಪಂಕ್ತಿ ಎಷ್ಟು, ಪ್ರತಿ ಪಂಕ್ತಿಗೆ ಎಷ್ಟು ನಿಮಿಷ, ಎಲೆ ಎತ್ತಿ ಮೇಜು ಒರೆಸಲು ಎಷ್ಟು, ಎಲ್ಲವನ್ನೂ ಸುಳ್ಳು ಮಂಟಪದಲ್ಲಿ ನೂರು ಸಲ ಓಡಿಸಿ ನೋಡಿ, ಮೂರು ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುತ್ತದೆ ಎಂದು ಅಡುಗೆಯವರಿಗೆ ಬರೆದುಕೊಟ್ಟಿದ್ದರು. ಆಗಿದ್ದು ಐದು ಪಂಕ್ತಿ. ಬೀಗರ ಕಡೆಯ ಹಿರಿಯರು ಮೂರು ಗಂಟೆಯವರೆಗೆ ಹಸಿದುಕೊಂಡು ಕುಳಿತಿದ್ದರು. ಕಾರಣ, ಸಿಂಗಾಪುರದ ನೆಂಟರು. ಒಬ್ಬೊಬ್ಬರು ಬಂದು ನಾಲ್ಕು ಕುರ್ಚಿಗೆ ಕರ್ಚೀಫು ಹಾಕಿ, ಉಳಿದವರನ್ನು ಕರೆತರಲು ಮೇಲಕ್ಕೆ ಹೋಗಿಬಿಡುತ್ತಿದ್ದರು. ಕುರ್ಚಿ ಭರ್ತಿ, ಎಲೆ ಖಾಲಿ. ಮೇಡಂ ಯಜಮಾನರು, "ನಿನ್ನ ಕಂಪ್ಯೂಟರಿಗೆ ನಮ್ಮೋರು ಯಾರೂ ಪರಿಚಯ ಇರ್ಲಿಲ್ಲ ಅನ್ಸುತ್ತೆ," ಎಂದು ಪಾಯಸ ಬಡಿಸಲು ಹೋದರಂತೆ. ಮಗಳನ್ನು ಕಳಿಸಿಕೊಟ್ಟ ಸಂಜೆಯೇ ಮೇಡಂ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ತೆರೆದು, ಮುಗಿದುಹೋದ ಮದುವೆಯ ಲೆಕ್ಕಕ್ಕೆ ಕರ್ಚೀಫು ಸೇರಿಸಿದರು. ಆಗ ಸರಿಯಾಗಿ ಐದು ಪಂಕ್ತಿ ಬಂತು. ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ.

ಆ ಮದುವೆಗೆಂದು ಮೇಡಂ ಒಂದು ವಾರ ರಜೆ ಹಾಕಿದ್ದರು. ಆ ವಾರದಲ್ಲಿ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಬೇಕು.

ನಾನು ಸೇರಿ ಎರಡೇ ತಿಂಗಳಾಗಿತ್ತು. ಮತ್ತಿಕೆರೆಯ ದೊಡ್ಡ ಕಾಲೇಜಿನಲ್ಲಿ ಓದು ಮುಗಿಸಿ, ಅಲ್ಲೇ ಹಿಂದಿನ ರಸ್ತೆಯಲ್ಲಿ ಒಂದು ರೂಮು ಹಿಡಿದು, ಬೆಳಿಗ್ಗೆ ಬನ್ನು, ರಾತ್ರಿಯೂ ಬನ್ನು ತಿಂದುಕೊಂಡು ಇಂಜಿನಿಯರ್ ಆಗಿದ್ದೆ. ಪ್ರತಿ ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸ್ಟಾಪ್‌ವಾಚ್ ಹಿಡಿದು ಅಳೆದು ಬರೆಯುವುದು ನನಗೆ ಕೊಟ್ಟ ಕೆಲಸ. ನನಗೆ ಬಹಳ ಇಷ್ಟವಾದ ಜಾಗ ತಂತಿ ಸುತ್ತುವ ವೈಂಡಿಂಗ್ ವಿಭಾಗ. ಅಲ್ಲಿ ಹನ್ನೆರಡು ಜನ ಹೆಂಗಸರು. ಅವರಲ್ಲಿ ಹಿರಿಯರು ಜಯಮ್ಮ. ಮೋಟರಿನೊಳಗೆ ಕಣ್ಣು ಮುಚ್ಚಿಕೊಂಡು ತಂತಿ ಕೂರಿಸಬಲ್ಲ ಕೈ. ನಾನು ಹೋದರೆ ಸ್ಟೂಲು ಹಾಕುತ್ತಿದ್ದರು. ಡಬ್ಬಿ ತೆರೆಯುತ್ತಿದ್ದರು. ಊರು ಯಾವುದು, ಅಮ್ಮ ಹೇಗಿದ್ದಾರೆ, ಕೂದಲು ಯಾಕೆ ಇಷ್ಟು ಉದುರುತ್ತಿದೆ ಎಂದು ವಿಚಾರಿಸುತ್ತಿದ್ದರು. ನಾನು ಚಕ್ಕುಲಿ ಕಡಿಯುತ್ತಲೇ ಬಹಳ ಶ್ರದ್ಧೆಯಿಂದ ಬರೆದುಕೊಂಡೆ: ಒಂದು ಮೋಟರಿಗೆ ಅರವತ್ತು ನಿಮಿಷ.

ಮೇಡಂ ರಜೆಯಲ್ಲಿದ್ದಾಗ ಈ ಅಂಕಿಗಳನ್ನೆಲ್ಲ ಸುಳ್ಳು ಫ್ಯಾಕ್ಟರಿಗೆ ತುಂಬಿ ಓಡಿಸಿದೆ. ಪರದೆಯ ಮೇಲೆ ಪುಟ್ಟ ಪುಟ್ಟ ಮೋಟರುಗಳು ಇರುವೆ ಸಾಲಿನಂತೆ ಹೊರಟವು. ವೈಂಡಿಂಗ್ ಕೆಂಪಾಗಿ ಹೊಳೆಯಿತು. ಕೆಂಪು ಎಂದರೆ ಗಂಟಲು ಅಲ್ಲೇ ಇದೆ ಎಂದು ಅರ್ಥ. ನನಗೆ ಮೈಯೆಲ್ಲ ಪುಳಕ. ಅದೇ ಹೊತ್ತಿಗೆ ಎಂಡಿ ಆ ಕಡೆ ಬಂದರು. ಕೆಟ್ಟವರಲ್ಲ, ಆದರೆ ಪರದೆಯ ಮೇಲೆ ಬಣ್ಣ ಕಂಡರೆ ತಡಮಾಡದೆ ತೀರ್ಮಾನಕ್ಕೆ ಬರುವ ಮನುಷ್ಯ. ನಾನು ಕೇಳದೆಯೇ ತೋರಿಸಿದೆ. ಕೆಂಪು ಯಾಕೆ ಎಂದು ಅವರು ಕೇಳಿದರು. ವೈಂಡಿಂಗ್ ನಿಧಾನ ಸಾರ್ ಎಂದೆ. ಒಳ್ಳೆ ಕೆಲಸ ಎಂದು ಬೆನ್ನು ತಟ್ಟಿ ಹೋದರು.

ಸೋಮವಾರ ಮೇಡಂ ಮರಳಿದಾಗ ಮೇಜಿನ ಮೇಲೆ ಎಂಡಿಯವರ ಚೀಟಿ ಇತ್ತು. ವೈಂಡಿಂಗ್ ಕೆಲಸವನ್ನು ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟುಬಿಡೋಣ, ಆ ಜಾಗ ಗೋಡೌನಿಗೆ ಆಗುತ್ತದೆ, ಶುಕ್ರವಾರದೊಳಗೆ ನಿಮ್ಮ ವರದಿ ಕೊಡಿ. ಅಂದರೆ ಹನ್ನೆರಡು ಹೆಂಗಸರೂ ಮನೆಗೆ. ಚೀಟಿ ಓದಿದ ಮೇಡಂ ಕನ್ನಡಕ ಹಣೆಗೆ ಏರಿಸಿದರು.

"ಪರದೆ ಯಾರಿಗೆ ತೋರಿಸ್ದೆ?"

ಹೇಳಿದೆ.

"ನಿಜದ್ ಜೊತೆ ತಾಳೆ ನೋಡಿದ್ಯಾ?"

ಇಲ್ಲ ಎಂದೆ. ಅವರು ಲಾರಿ ಹತ್ತಿದ ಪಂಪುಗಳ ಪುಸ್ತಕ ತರಿಸಿ ನನ್ನ ಮುಂದಿಟ್ಟರು. ನನ್ನ ಸುಳ್ಳು ಫ್ಯಾಕ್ಟರಿ ದಿನಕ್ಕೆ ಎಂಬತ್ತೆಂಟು ಪಂಪು ಮಾಡುತ್ತಿತ್ತು. ನಿಜದ ಫ್ಯಾಕ್ಟರಿಯಿಂದ ದಿನಾ ನೂರಹತ್ತು ಹೊರಗೆ ಹೋಗುತ್ತಿದ್ದವು.

"ಅಂಗಾದ್ರೆ ದಿನಾ ಇಪ್ಪತ್ತೆರಡು ಪಂಪು ಉತ್ತದಿಂದ ಎದ್ದು ಬರ್ತವಾ?" ಎಂದರು ಮೇಡಂ. ಹಕಾರ ಹೋಗಿತ್ತು. ಹುತ್ತದಲ್ಲಿ ಹೂತುಹೋಗಬೇಕು ಅನಿಸಿದ್ದು ನನಗೆ.

ಅಂದು ಮಧ್ಯಾಹ್ನ ನಾವು ವೈಂಡಿಂಗ್ ವಿಭಾಗವನ್ನು ಕದ್ದು ನೋಡಿದೆವು. ಪ್ಯಾಕಿಂಗ್ ರಟ್ಟಿನ ಡಬ್ಬಗಳ ಹಿಂದೆ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಕುಕ್ಕರಗಾಲಿನಲ್ಲಿ, ಪಕ್ಕದಲ್ಲಿ ನಾನು. ವಾರ್ನಿಶ್ ವಾಸನೆಗೆ ಮೇಡಂಗೆ ಸೀನು ಒತ್ತರಿಸಿಕೊಂಡು ಬರುತ್ತಿತ್ತು; ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಆ ದಾರಿಯಲ್ಲಿ ಬಂದ ಸೂಪರ್‌ವೈಸರ್ ಏನು ಮೇಡಂ ಎಂದ. ಓಲೆ ಬಿದ್ದುಹೋಯಿತು ಎಂದರು. ಪಾಪ, ಅವನೂ ಮಂಡಿಯೂರಿ ಹುಡುಕತೊಡಗಿದ. ಅವನು ಇನ್ನಿಬ್ಬರನ್ನು ಕರೆದ. ಮೇಡಂ ಎರಡೂ ಕಿವಿಯಲ್ಲಿ ಓಲೆ ಇಟ್ಟುಕೊಂಡೇ ನಾಲ್ಕು ಜನರೊಂದಿಗೆ ನೆಲ ತಡವುತ್ತಾ, ಡಬ್ಬಗಳ ಸಂದಿಯಿಂದ ಮೂರು ಮೋಟರುಗಳ ಹೊತ್ತು ಅಳೆದರು. ಒಂದೊಂದಕ್ಕೆ ನಲವತ್ತು ನಿಮಿಷ. ನಲವತ್ತೇ.

ನನಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು. ಕೈಯಲ್ಲಿ ಗಡಿಯಾರ ಕಂಡರೆ ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ ಎಂದು ಕಾಲೇಜಿನಲ್ಲಿ ಓದಿದ್ದೆ. ಚಕ್ಕುಲಿ ಕೊಟ್ಟು ನನಗೆ ಟೋಪಿ ಹಾಕಿದ್ದಾರೆ ಎಂದು ಮೇಡಂ ಮುಂದೆ ಕೂಗಾಡಿದೆ. ಅವರು, ಅಂಕಿ ಬದಲಾಯಿಸಿ ಮತ್ತೆ ಓಡಿಸು ಎಂದರು.

ಓಡಿಸಿದೆ. ಈಗ ಸುಳ್ಳು ಫ್ಯಾಕ್ಟರಿ ದಿನಕ್ಕೆ ನೂರಮೂವತ್ತೆರಡು ಪಂಪು ಮಾಡಿತು. ನಿಜದ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಇಪ್ಪತ್ತೆರಡು ಹೆಚ್ಚಿಗೆ ಹುಟ್ಟಿದ್ದವು, ಸಂಜೆ ಇಪ್ಪತ್ತೆರಡು ಕಾಣೆಯಾಗಿದ್ದವು. ನಾನು ಅಳುವುದೊಂದು ಬಾಕಿ. ವೈಂಡಿಂಗಿನವರು ನಿಧಾನ ಅಲ್ಲ ಎಂದರೆ ಎಂಡಿಗೆ ಸಾಲದು. ಮತ್ತೆ ಯಾರು ಎಂದು ಕೇಳುತ್ತಾರೆ. ಶುಕ್ರವಾರ ಅದಕ್ಕೆ ಉತ್ತರ ಇಲ್ಲದೆ ಹೋದರೆ ಅವರ ತಲೆಯಲ್ಲಿ ಉಳಿಯುವುದು ನಾನು ತೋರಿಸಿದ ಕೆಂಪು ಬಣ್ಣವೇ.

ಮಂಗಳವಾರ ಮೇಡಂ ಮೋಟರುಗಳು ಎಲ್ಲಿ ರಾಶಿ ಬೀಳುತ್ತವೆ ಎಂದು ಸುಮ್ಮನೆ ಓಡಾಡಿ ನೋಡಿದರು. ರಾಶಿ ಇದ್ದದ್ದು ಓವನ್ ಮುಂದೆ. ಓವನ್ ನೋಡಿಕೊಳ್ಳುತ್ತಿದ್ದವರು ಗಂಗಣ್ಣ, ಹಣೆಯಲ್ಲಿ ದೊಡ್ಡ ಕುಂಕುಮ, ಮಾತು ಕಡಿಮೆ, ಓವನ್ನನ್ನು ಹಸು ನೋಡಿಕೊಂಡಂತೆ ನೋಡಿಕೊಳ್ಳುವವರು. ಓವನ್ ಕೆಡುತ್ತಿರಲಿಲ್ಲ, ಗಂಗಣ್ಣ ರಜೆ ಹಾಕುತ್ತಿರಲಿಲ್ಲ. ಆದರೂ ದಿನಕ್ಕೊಮ್ಮೆ ಖಾಲಿ ಓವನ್ ಬಾಗಿಲು ತೆರೆದುಕೊಂಡು ಸುಮ್ಮನೆ ನಿಂತಿರುತ್ತಿತ್ತು, ಮುಂದೆ ಮೋಟರುಗಳು ಕಾಯುತ್ತಿದ್ದವು. ನಾನು ಮೂರು ತಿಂಗಳ ಲಾಗ್‌ಬುಕ್ ತೆಗೆದು ಓವನ್ ಶುರುಮಾಡಿದ ಹೊತ್ತುಗಳನ್ನೆಲ್ಲ ಪಟ್ಟಿ ಮಾಡಿದೆ. ಸೋಮವಾರ ಒಂಬತ್ತಕ್ಕೆ ಮೊದಲು ಶುರುಮಾಡಿದ್ದೇ ಇಲ್ಲ. ಮಂಗಳವಾರ ಮೂರರ ಮೇಲೆ ಇಲ್ಲ. ಬುಧವಾರ ಹನ್ನೆರಡರಿಂದ ಒಂದೂವರೆಯವರೆಗೆ ಇಲ್ಲ. ಗುರುವಾರ ಒಂದೂವರೆಯಿಂದ ಮೂರು. ನನಗೆ ತಲೆಬುಡ ತಿಳಿಯಲಿಲ್ಲ. ವಿದ್ಯುತ್ ವೋಲ್ಟೇಜು ಇರಬಹುದು ಎಂದೆ. ವಾರದ ಸಂತೆಯ ಟ್ರಾಫಿಕ್ಕು ಎಂದೆ.

ಮೇಡಂ ಪಟ್ಟಿಯನ್ನೇ ನೋಡಿದರು. ಆಮೇಲೆ ಎದ್ದು, ಗೋಡೆಯಲ್ಲಿ ನೇತುಹಾಕಿದ್ದ ಕ್ಯಾಲೆಂಡರಿನ ಕೆಳತುದಿಯನ್ನು ಬೆರಳಿಟ್ಟು ಓದಿದರು. ಬಿದ್ದು ಬಿದ್ದು ನಗಲು ಶುರುಮಾಡಿದರು. ನಗು ನಿಲ್ಲುವವರೆಗೆ ಕಾದು ನಾನೂ ಹೋಗಿ ನೋಡಿದೆ. ರಾಹುಕಾಲ.

ಗಂಗಣ್ಣ ಮುಚ್ಚಿಡಲಿಲ್ಲ. ಬಹಳ ಹಿಂದೆ ಒಂದು ಶುಕ್ರವಾರ ಹನ್ನೊಂದು ಗಂಟೆಗೆ ಓವನ್ ಶುರುಮಾಡಿದ್ದರು, ಹೀಟರ್ ಸುಟ್ಟು ಒಳಗಿದ್ದ ಅಷ್ಟೂ ಮೋಟರು ಕರಕಲಾಗಿತ್ತು. ಅಂದಿನಿಂದ ರಾಹುಕಾಲದಲ್ಲಿ ಸ್ವಿಚ್ಚಿಗೆ ಕೈ ಹಾಕಿಲ್ಲ. ನೀವು ಇದನ್ನೆಲ್ಲ ನಂಬುತ್ತೀರಾ ಎಂದು ನಾನು ಕೇಳಿಯೇಬಿಟ್ಟೆ.

"ನಾನು ನಂಬಲ್ಲಮ್ಮ," ಎಂದರು ಗಂಗಣ್ಣ. "ಓವನ್ ನಂಬುತ್ತೆ."

ಮೇಡಂ ಸುಳ್ಳು ಫ್ಯಾಕ್ಟರಿಗೆ ರಾಹುಕಾಲ ತುಂಬಿದರು. ಆರು ದಿನಕ್ಕೆ ಆರು ಹೊತ್ತು, ಯಂತ್ರ ರಿಪೇರಿಗೆ ನಿಂತಾಗ ತುಂಬುವ ಅದೇ ಕೋಷ್ಟಕದಲ್ಲಿ. ಓಡಿಸಿದರೆ ದಿನಕ್ಕೆ ನೂರಹನ್ನೊಂದು ಪಂಪು. ನಿಜದಲ್ಲಿ ನೂರಹತ್ತು. ಮೇಡಂ ಎರಡೂ ಕೈಯೆತ್ತಿ ಮೈ ಮುರಿದರು, ಆ ಹೆಚ್ಚುವರಿ ಒಂದು ಪಂಪನ್ನು ರಾಹುವಿಗೇ ಬಿಟ್ಟಿದ್ದೇನೆ ಎಂದರು.

ನನಗೆ ಮುಗಿಯಿತು ಅನಿಸಿತ್ತು. ಗಂಗಣ್ಣನ ಹೆಸರು ಬರೆದು ವರದಿ ಕೊಟ್ಟರಾಯಿತು, ಹೆಂಗಸರು ಉಳಿದರು. ಹಾಗೆಂದೆ ಕೂಡ. ಮೇಡಂ ನನ್ನ ಕಡೆ ತಿರುಗಿದರು. ಹೋದ ವಾರ ತಪ್ಪನ್ನು ಹನ್ನೆರಡು ಜನರ ಮೇಲೆ ಹಾಕಿದ್ದೆ, ಈಗ ಒಬ್ಬರ ಮೇಲೆ ಹಾಕುತ್ತಿದ್ದೀಯ, ಸುಧಾರಿಸಿದ್ದೀಯ ಎಂದರು. ಆಮೇಲೆ ಗಂಗಣ್ಣನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: ರಾಹುಕಾಲದಲ್ಲಿ ಶುರುಮಾಡಬಾರದು, ಸರಿ, ಮೊದಲೇ ಶುರುಮಾಡಿದ್ದು ಒಳಗೆ ಬೇಯುತ್ತಿದ್ದರೆ? ಗಂಗಣ್ಣ ಯೋಚಿಸಿ, ಅದಕ್ಕೇನೂ ದೋಷವಿಲ್ಲ, ಮುಹೂರ್ತ ಶುರುವಿಗೆ ತಾನೇ ಎಂದರು. ಹಾಗಾದರೆ ಓವನ್ ತುಂಬುವವರೆಗೆ ಕಾಯದೆ, ರಾಹುಕಾಲಕ್ಕೆ ಐದು ನಿಮಿಷ ಮುಂಚೆ ಇದ್ದಷ್ಟನ್ನೇ ಹಾಕಿ ಸ್ವಿಚ್ಚು ಒತ್ತಿಬಿಟ್ಟರೆ? ಗಂಗಣ್ಣನ ಮುಖ ಅರಳಿತು. ಸೋಮವಾರ ರಾಹುಕಾಲ ಏಳೂವರೆಗೇ ಶುರು, ಅದಕ್ಕೆಂದು ಅಂದು ಅರ್ಧ ಗಂಟೆ ಬೇಗ ಬರಲೂ ಅವರೇ ಒಪ್ಪಿದರು. ಅವರನ್ನು ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ವಾರದ ಆರು ದಿನಕ್ಕೂ ಓವನ್ ತುಂಬುವ ಹೊಸ ಹೊತ್ತುಗಳನ್ನು ಮೇಡಂ ಮತ್ತು ಗಂಗಣ್ಣ ಕ್ಯಾಲೆಂಡರ್ ಮುಂದೆ ನಿಂತು ಗೊತ್ತುಮಾಡಿದರು. ಸುಳ್ಳು ಫ್ಯಾಕ್ಟರಿ ನೂರಿಪ್ಪತ್ತೆಂಟು ಪಂಪು ಎಂದಿತು. ಹೊಸ ಯಂತ್ರ ಬೇಡ, ಯಾರೂ ಮನೆಗೆ ಹೋಗುವುದು ಬೇಡ.

ಮೀಟಿಂಗನ್ನು ಮೇಡಂ ಶುಕ್ರವಾರ ಹತ್ತೂವರೆಗೆ ಎಂದು ತಿಳಿಸಿದ್ದರು. ಎಂಡಿ ಆಫೀಸಿನಿಂದ ಫೋನ್ ಬಂತು, ಹನ್ನೆರಡೂಕಾಲಿಗೆ ಇಟ್ಟುಕೊಳ್ಳೋಣ ಎಂದು. ಆಗಲಿ ಎಂದು ಮೇಡಂ ಫೋನಿಟ್ಟು, ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನನಗೆ ಅರ್ಥವಾಗಲಿಲ್ಲ.

ಪರದೆಯ ಮೇಲೆ ಮೊದಲು ಹಳೆಯ ವೇಳಾಪಟ್ಟಿಯ ಸುಳ್ಳು ಫ್ಯಾಕ್ಟರಿ ಓಡಿತು. ವೈಂಡಿಂಗ್ ಹಸಿರು. ಎಂಡಿ ಹುಬ್ಬು ಗಂಟಿಕ್ಕಿದರು. ಹೋದ ವಾರ ಕೆಂಪಿತ್ತಲ್ಲ ಎಂದರು. ಅದು ಅಳತೆಯ ತಪ್ಪು, ನನ್ನ ವಿಭಾಗದ ತಪ್ಪು, ಎಂದರೆ ನನ್ನ ತಪ್ಪು ಎಂದು ಮೇಡಂ ಇಸ್ತ್ರಿ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಎಂಡಿಯ ಕಣ್ಣು ಓವನ್ ಮೇಲೆ ಬಿತ್ತು. ದಿನಾ ಒಂದೂವರೆ ಗಂಟೆ ಅದು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಇದೇನು, ಯಾರು ಹೀಗೆ ನಿಲ್ಲಿಸುತ್ತಿರುವುದು ಎಂದು ದನಿ ಏರಿಸಿದರು. ಮೇಡಂ ಕನ್ನಡಕ್ಕೆ ಬಂದರು.

"ಇವತ್ತು ಹತ್ತೂವರೆಯಿಂದ ಹನ್ನೆರಡರವರೆಗೆ ನೀವು ಮೀಟಿಂಗ್ ಯಾಕೆ ನಿಲ್ಲಿಸಿದ್ರೋ, ಅದೇ ಸಾರ್."

ಎಂಡಿಯ ಸೆಕ್ರೆಟರಿ ಕಿಟಕಿಯಾಚೆ ನೋಡತೊಡಗಿದ. ಎಂಡಿ ಟೇಬಲ್ ಮೇಲಿನ ಪೆನ್ನು ನೆಟ್ಟಗೆ ಮಾಡಿದರು. "ಓವನ್‌ಗೂನಾ?" ಎಂದು ಮೆಲ್ಲಗೆ ಕೇಳಿದರು.

"ಓವನ್‌ಗೂ."

ಹೊಸ ವೇಳಾಪಟ್ಟಿಗೆ ಅಲ್ಲೇ ಸಹಿ ಬಿತ್ತು. ಗಂಗಣ್ಣನ ಹೆಸರನ್ನು ಯಾರೂ ಕೇಳಲಿಲ್ಲ. ಗೋಡೌನಿನ ಮಾತು ಅಂದಿಗೆ ಮುಗಿಯಿತು.

ಹೊರಗೆ ಬಂದಾಗ ನನಗೆ ಕುಣಿಯುವಷ್ಟು ಖುಷಿ. ಕ್ಯಾಂಟೀನಿಗೆ ಹೋಗೋಣ ಎಂದೆ. ಮೇಡಂ ವೈಂಡಿಂಗ್ ಕಡೆ ತಿರುಗಿದರು. ಹೋಗಿ ಅವರಿಗೆ ಎಲ್ಲ ಹೇಳು ಎಂದರು. ಆ ಹೆಂಗಸರಿಗೆ ತಮ್ಮ ಕೆಲಸ ಹೋಗುವುದರಲ್ಲಿತ್ತು ಎಂಬುದೇ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಯಾಕೆ ಹೇಳಬೇಕು ಮೇಡಂ, ಈಗ ಎಲ್ಲ ಸರಿಹೋಯಿತಲ್ಲ ಎಂದು ಗೋಗರೆದೆ.

"ಅವ್ರ ಬದುಕನ್ನ ಅವ್ರಿಗೇ ಏಳ್ದೆ ನಾವಿಬ್ರೂ ಅಳೆದಿದ್ದೀವಿ. ಓಗಿ ಏಳು."

ಹೋದೆ. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಜಾಗಕ್ಕೆ ಬಂದಿದ್ದರು. ಅಳತೆಯ ಹಾಳೆ ಹಿಡಿದು ನಿಂತುಕೊಂಡೇ ಹೇಳಿದೆ. ನಾನು ಅರವತ್ತು ನಿಮಿಷ ಎಂದು ಬರೆದದ್ದು, ಅದನ್ನು ಎಂಡಿಗೆ ತೋರಿಸಿದ್ದು, ಅವರು ನಿಮ್ಮನ್ನೆಲ್ಲ ಬಿಡಿಸಿಬಿಡೋಣ ಎಂದಿದ್ದು. ಒಬ್ಬರ ಕೈಯಿಂದ ತಂತಿಯ ಉರುಳೆ ಜಾರಿ ನೆಲದ ಮೇಲೆ ಉರುಳುತ್ತಾ ಹೋಯಿತು. ಯಾರೂ ಎತ್ತಿಕೊಳ್ಳಲಿಲ್ಲ. ಅದನ್ನು ನೋಡುತ್ತಾ ನನ್ನ ಬಾಯಿಂದ ಬರಬಾರದ ಮಾತು ಬಂದೇಬಿಟ್ಟಿತು: ನಾನು ಅಳೆಯುವಾಗ ಮಾತ್ರ ಅಷ್ಟು ನಿಧಾನ ಮಾಡಿದಿರಲ್ಲ, ಯಾಕೆ?

ಜಯಮ್ಮ ಕೈಯಲ್ಲಿದ್ದ ಮೋಟರನ್ನು ಕೆಳಗಿಟ್ಟರು. ಸಿಟ್ಟಿರಲಿಲ್ಲ. ನನಗೆ ಇಷ್ಟೂ ತಿಳಿಯದು ಎಂಬ ಅಚ್ಚರಿ ಇತ್ತು.

"ನೀನು ಬಂದ್ ನಿಂತಾಗ ಮುಖ ನೋಡಿದ್ರೆ ಎರಡು ದಿನದಿಂದ ಉಂಡಂಗೆ ಇರ್ತಿರ್ಲಿಲ್ಲ ಕಣಮ್ಮ. ಆವಾಗ ನಿನ್ನ ಮಾತಾಡ್ಸೋದಾ, ತಂತಿ ಸುತ್ತೋದಾ?"

ನನ್ನ ಅಮ್ಮ ಫೋನಿನಲ್ಲಿ ದಿನಾ ಊಟ ಆಯಿತಾ ಎಂದು ಕೇಳಿದಾಗಲೆಲ್ಲ ಆಯಿತು ಎನ್ನುತ್ತಿದ್ದೆ, ಅವರು ನಂಬುತ್ತಿದ್ದರು. ಈ ಹನ್ನೆರಡು ಜನ ಒಂದು ದಿನವೂ ನಂಬಿರಲಿಲ್ಲ. ಅವರು ನನಗೆ ತಿನ್ನಿಸಿದ ಹೊತ್ತನ್ನೇ ನಿಧಾನ ಎಂದು ಬರೆದು ಅವರ ಕೆಲಸ ಕಳೆಯಹೊರಟಿದ್ದೆ.

ಮೇಡಂ ಬಾಗಿಲ ಹತ್ತಿರವೇ ನಿಂತಿದ್ದರು. ಹತ್ತಿರ ಬಂದು ನನ್ನ ಕೈಯಲ್ಲಿದ್ದ ಅಳತೆಯ ಹಾಳೆಯನ್ನು ಬೆರಳಿನಿಂದ ತಟ್ಟಿದರು.

"ಆ ಹೆಚ್ಚಿನ ಇಪ್ಪತ್ತು ನಿಮಿಷ ವೈಂಡಿಂಗಿಂದಲ್ಲ, ನಿಂದು. ನಿನ್ ಹೆಸರಿಗೆ ಬರ್ಕೋ."

ಬರೆದುಕೊಳ್ಳಲು ಪೆನ್ನು ತೆಗೆದೆ. ಅಕ್ಷರ ಕಾಣಿಸಲಿಲ್ಲ. ಜಯಮ್ಮ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬರೆಯೋದೆಲ್ಲ ಆಮೇಲೆ, ಮೊದಲು ಕೂತ್ಕೋ ಎಂದರು. ಮೇಡಂಗೂ ಒಂದು ಸ್ಟೂಲು ಹಾಕಿದರು.